ಚಾಂದನಿಯ ಕಾಲಿಗೆ ಜಿಮ್ಮೇದಾರ ಯಾರು?

ಬಸವಕಲ್ಯಾಣದ ತಹಸೀಲ ಕಚೇರಿಯ ಎದುರು, ತಗಡಿನ ನೆರಳಿನಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ದಿಗಂಬರ ಇಪ್ಪತ್ತೆರಡು ವರ್ಷದಿಂದ ಬಾಂಡ್ ಬರೆಯುತ್ತಿದ್ದ. ಮನೆ ಬಾಡಿಗೆಯ ಕರಾರು, ಹೆಸರು ಬದಲಾವಣೆಯ ಪ್ರಮಾಣಪತ್ರ, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ ಪತ್ರ, ಹೀಗೆ ಊರಿನ ಅರ್ಧ ಜಗಳ ಅವನ ಪ್ರಿಂಟರಿನಿಂದಲೇ ಬಿಸಿಬಿಸಿಯಾಗಿ ಹೊರಬಿದ್ದಿತ್ತು. ಜನ ಅವನನ್ನು ‘ರೈಟರ್ ಸಾಬ್’ ಅನ್ನುತ್ತಿದ್ದರು. ಅವನ ಕಿವಿಗೆ ಅದು ‘ವಕೀಲ ಸಾಬ್’ ಅಂತಲೇ ಕೇಳಿಸುತ್ತಿತ್ತು.

ಇಷ್ಟು ವರ್ಷ ಜನರ ತಕರಾರು ಟೈಪ್ ಮಾಡಿದವನಿಗೆ ಜನರ ಮೇಲೆ ನಂಬಿಕೆ ಉಳಿಯುವುದಾದರೂ ಹೇಗೆ? ಪಕ್ಕದ ಮನೆಯವರು ಏಣಿ ಕೇಳಿದರೆ ಏಣಿಯದೊಂದು ಫೋಟೊ, ಒಯ್ಯುವವನದೊಂದು ಫೋಟೊ, ಎರಡೂ ಕೂಡಿದ ಇನ್ನೊಂದು ಫೋಟೊ ತೆಗೆದುಕೊಂಡೇ ಕೊಡುತ್ತಿದ್ದ. ಒಮ್ಮೆ ಹೆಂಡತಿ ಭಾಗಮ್ಮ ತವರೂರು ಕೊಡಂಬಲಕ್ಕೆ ಹೊರಟಾಗ, ವಾಪಸು ಬರುವ ತಾರೀಖು ಬರೆದು ಸಹಿ ಮಾಡು ಅಂತ ಕಾಗದ ಮುಂದಿಟ್ಟಿದ್ದ. ಆಕೆ ಅದೇ ಕಾಗದದಲ್ಲಿ ಹಾದಿಗೆ ಚಕ್ಕುಲಿ ಕಟ್ಟಿಕೊಂಡು, ತಾರೀಖು ಹೇಳದೇ ಬಸ್ಸು ಹತ್ತಿದ್ದಳು.

ಇಂಥ ದಿಗಂಬರನಿಗೆ ಹುಮನಾಬಾದಿನಿಂದ ತಂಗಿ ಭುವನೇಶ್ವರಿ ಫೋನ್ ಮಾಡಿದಳು. ಮಗ ಓಂಪ್ರಕಾಶನ ಮದುವೆ ನಾಲ್ಕು ದಿನಕ್ಕೆ ಬಂದಿತ್ತು.

“ಅಣ್ಣಾ, ಮದುಮಗ ಹಣಮಂದೇವರ ಗುಡಿಗಿ ಕುದುರಿ ಮ್ಯಾಲೇ ಹೋಗಬೇಕು. ಇಲ್ಲಿ ಕುದುರಿ ಎಲ್ಲಾ ಬುಕ್ ಆಗ್ಯಾವ. ನೀ ಸ್ವಾದರಮಾವ ಇದ್ದೀದಿ. ಕುದುರಿ ನಿನ್ನ ಜಿಮ್ಮೇದಾರಿ.”

ಜಿಮ್ಮೇದಾರಿ, ಹೊಣೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ದಿಗಂಬರನ ಬೆನ್ನು ನೆಟ್ಟಗಾಯಿತು. “ಯಾವ ಜಿಮ್ಮೇದಾರಿ? ತರೂದರದೋ, ತಂದ ಮ್ಯಾಲಿಂದೋ?” ಅಂತ ಕೇಳುವಷ್ಟರಲ್ಲಿ ತಂಗಿ ಫೋನ್ ಇಟ್ಟಿದ್ದಳು. ತಂಗಿಯ ಮೇಲೂ ಅವನಿಗೆ ಸಣ್ಣ ಸಂಶಯ, ಅವನ ಮಾತಿನಲ್ಲಿ ಶಕ್, ಬಂತು.

ಬಸವಕಲ್ಯಾಣದ ಕಿಲ್ಲಾ ಹಿಂದಿನ ಗಲ್ಲಿಯಲ್ಲಿ ವಜೀರಬಿಯ ಮನೆ. ಗಂಡ ಇರುವಾಗ ಟಾಂಗಾ ಹೊಡೆಯುತ್ತಿದ್ದ. ಟಾಂಗಾಗಳ ಕಾಲ ಮುಗಿದ ಮೇಲೆ ಒಂದು ಬಿಳಿ ಕುದುರೆ ಸಾಕಿ ಮದುವೆಗಳಿಗೆ ಕೊಡತೊಡಗಿದ. ಅವನು ಹೋದ ಮೇಲೆ ವಜೀರಬಿ ತಾನೇ ಹಗ್ಗ ಹಿಡಿದಳು. ಅರವತ್ತು ದಾಟಿದರೂ ಆಕೆಯ ಕಣ್ಣು ಸೂಜಿಯಂತೆ ಇದ್ದವು. ಕುದುರೆಯ ಹೆಸರು ಚಾಂದನಿ. ಆಕೆ ಚಾಂದನಿಯನ್ನು ಬಿಟ್ಟರೆ ಇನ್ನಾರನ್ನೂ ನಂಬುತ್ತಿರಲಿಲ್ಲ.

“ಹುಮನಾಬಾದಿಗಾ?” ಅಂದಳು. “ಅಷ್ಟು ದೂರ ನಡಸ್ಕೊಂತ ಹ್ಯಾಂಗ ಒಯ್ತೀರಿ?”

“ಗಾಡ್ಯಾಗ. ಕಾಸಿಂನ ಪಿಕಪ್ ಹೇಳೀನಿ.”

“ಗಾಡ್ಯಾಗ ನನ್ನ ಚಾಂದನಿಗಿ ಏನರ ಆದ್ರ ಯಾರು ಜಿಮ್ಮೇದಾರ?”

ಬೇರೆ ಯಾರಾದರೂ ಆಗಿದ್ದರೆ ‘ಏನೂ ಆಗಂಗಿಲ್ಲ ಬಿಡ್ರಿ ಅಮ್ಮಾ’ ಅಂದು ಎದ್ದು ಬರುತ್ತಿದ್ದರು. ದಿಗಂಬರನ ಮುಖ ಮಾತ್ರ ಅರಳಿತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವನಿಗೆ ಇಷ್ಟು ಒಳ್ಳೆಯ ಕಾನೂನಿನ ಪ್ರಶ್ನೆ ಕೇಳಿರಲಿಲ್ಲ.

“ಅದಕ್ಕೇ ಅಮ್ಮಾ, ಒಂದು ಪಕ್ಕಾ ಕಾಗದ ಮಾಡೋಣ. ಕುದುರಿಗಿ ಪೆಟ್ಟಾದ್ರ ಯಾರು ಹೊಣಿ ಅಂತ.”

ವಜೀರಬಿಯ ಕಣ್ಣು ಸಣ್ಣಗಾದವು. “ಪೆಟ್ಟು ಆಗೂದು ಅದ ಏನು?”

“ಇಲ್ಲರಿ. ಆದ್ರ ಅಂತ.”

“ಆಗೂದಿಲ್ಲಂದ್ರ ಕಾಗದ ಯಾಕ?”

“ಅಕಸ್ಮಾತ್ ಆದ್ರ...”

“ಅಕಸ್ಮಾತ್ ಆಗೂದು ನಾಲ್ಕು ದಿನ ಮೊದಲೇ ನಿಮಗ ಹ್ಯಾಂಗ ಗೊತ್ತಾತು?”

ದಿಗಂಬರ ಚೀಲ ಬಗಲಿಗೆ ಹಾಕಿಕೊಂಡು ಎದ್ದ. ಅವನು ಹೋದ ಮೇಲೆ ವಜೀರಬಿ ಪಕ್ಕದ ಮನೆಯ ಶಾಯಿಸ್ತಾಳ ಮುಂದೆ ಹೇಳಿದಳು: “ಪೆಟ್ಟಾಗೋ ಮೊದಲೇ ಪೆಟ್ಟಿನ ಕಾಗದ ಬರೀತಾನ. ಇಂವನ ಮನಸಿನ್ಯಾಗ ಏನೋ ಅದ.” ಶಾಯಿಸ್ತಾ ಅದನ್ನು ಗಲ್ಲಿಯ ಕೊನೆಯ ಮನೆಗೆ ಮುಟ್ಟಿಸುವಷ್ಟರಲ್ಲಿ, ರೈಟರ್ ಸಾಬ್ ಕುದುರೆಯ ಮೇಲೆ ಇನ್ಶೂರೆನ್ಸ್ ಮಾಡಿಸಿದ್ದಾನೆ ಅಂತ ಆಗಿತ್ತು.

ಮರುದಿನ ದಿಗಂಬರ ಬಾಂಡ್ ಪೇಪರ್ ತಂದ. ನಾಲ್ಕು ಪುಟ. ವಜೀರಬಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪಿಕಪ್ಪಿನ ಕಾಸಿಂ ಅದೇ ಗಲ್ಲಿಯವನು. ಆಕೆಗೆ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ. ಅವನು ಮೊದಲ ಪುಟದ ಮೇಲಿನ ಎರಡು ಸಾಲು, ಕೊನೆಯ ಪುಟದ ಕೆಳಗಿನ ಎರಡು ಸಾಲು ಓದಿ, “ಬರೋಬರ್ ಅದ ಖಾಲಾ” ಅಂದ. ಇದನ್ನು ನೋಡಿ ದಿಗಂಬರನಿಗೆ ಹೊಸ ಶಕ್ ಹುಟ್ಟಿತು: ಇವರಿಬ್ಬರೂ ಒಂದೇ ಗಲ್ಲಿ. ವಜೀರಬಿಗೆ ಬೇರೊಂದು ಶಕ್: ಕಾಸಿಂನನ್ನು ಕರೆದವನು ದಿಗಂಬರ. ಕಾಸಿಂಗೆ ಇಬ್ಬರ ಮೇಲೂ ಶಕ್: ಬಾಡಿಗೆಯ ಮಾತಾಡುವುದು ಬಿಟ್ಟು ಇವರು ಸಹಿ ಯಾಕೆ ಕೇಳುತ್ತಿದ್ದಾರೆ? ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಸಹಿ ಮಾಡಿದರು.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ ದಿಗಂಬರ ಗಲ್ಲಿಗೆ ಬಂದು ಮೊಬೈಲ್ ಹಿಡಿದ. ಚಾಂದನಿಯ ಸುತ್ತ ಸುತ್ತುತ್ತ, ಗಂಭೀರವಾದ ದನಿಯಲ್ಲಿ ವಿಡಿಯೊ ಮಾಡತೊಡಗಿದ.

“ಮುಂದಿನ ಎಡಗಾಲು, ಬರೋಬರ್. ಹೊಟ್ಟಿ, ಬರೋಬರ್. ಬಾಲ, ಪೂರಾ ಅದ. ಕಿವಿ ಮ್ಯಾಲೊಂದು ಕರಿ ಕಲೆ ಅದ. ಅಮ್ಮಾ, ಈ ಕಲೆ ಮೊದಲಿಂದ ಅದ ಅಂತ ಹೇಳ್ರಿ.”

ವಜೀರಬಿ ತನ್ನ ಮೊಬೈಲ್ ತೆಗೆದು ದಿಗಂಬರನ ಮುಖದ ವಿಡಿಯೊ ಮಾಡತೊಡಗಿದಳು.

“ನಂದು ಯಾಕ ತೆಗಿಯಾಕತ್ತೀರಿ?”

“ಆಮ್ಯಾಲ ಪೊಲೀಸರು ಕೇಳಿದ್ರ ತೋರಸಾಕ ಬೇಕಲ್ಲ.”

ಹನ್ನೊಂದು ನಿಮಿಷ ಹೀಗೇ ನಡೆಯಿತು. ಕುದುರೆ ಬಹಳ ಸಮಾಧಾನದಿಂದ ನಿಂತಿತ್ತು. ಕೊನೆಗೆ ಮನೆ ಮುಂದಿನ ಕಟ್ಟೆಗೆ ಪಿಕಪ್ಪಿನ ಹಿಂಬದಿ ಹಚ್ಚಿದರು. ಚಾಂದನಿ ಎರಡೇ ಹೆಜ್ಜೆಗೆ ಒಳಗೆ ಹೋಯಿತು. ವಜೀರಬಿ ಹಿಂದೆ ಕುದುರೆಯ ಜೊತೆ ನಿಂತಳು. ದಿಗಂಬರ ಮುಂದೆ ಕಾಸಿಂನ ಬಗಲಿಗೆ ಕೂತು, ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಸ್ಪೀಡಿನ ಮುಳ್ಳಿನ ಮೇಲೆ ಇಟ್ಟ.

“ಸಾವಕಾಶ... ಸಾವಕಾಶ ಕಾಸಿಂ... ಅಲ್ಲಿ ಎಮ್ಮಿ ಅದ ನೋಡು.”

“ಎಮ್ಮಿ ಹೊಲದಾಗ ಅದರಿ.”

“ಹೊಲದಾಗಿಂದ ರಸ್ತಾಕ್ಕ ಬರಬಹುದಲ್ಲ? ಎಮ್ಮಿ ಮ್ಯಾಲೆ ಏನು ಭರವಸಾ?”

ಎಮ್ಮೆ ಬರಲಿಲ್ಲ. ಆದರೆ ಹೆದ್ದಾರಿಯಲ್ಲಿ ಒಂದು ಕಡೆ ನಾಯಿಯೊಂದು ಅಡ್ಡ ಬಂತು. ದಿಗಂಬರ “ಅಯ್ಯಯ್ಯೋ!” ಅಂತ ಕಾಸಿಂನ ತೋಳು ಹಿಡಿದ. ಕಾಸಿಂ ಬ್ರೇಕ್ ಒತ್ತಿದ. ಹಿಂದೆ ಧಡ್ ಅಂತ ಸಪ್ಪಳವಾಯಿತು.

ಗಾಡಿ ನಿಲ್ಲಿಸಿ ನೋಡಿದರೆ ಬಕೆಟ್ ಉರುಳಿತ್ತು. ಕುದುರೆ ನಿಂತೇ ಇತ್ತು. ವಜೀರಬಿ ದಿಗಂಬರನ ಕಡೆ ನೋಡುತ್ತಿದ್ದಳು.

“ಏನೂ ಆಗಿಲ್ಲ,” ಅಂದ ದಿಗಂಬರ, ಗಡಿಯಾರ ನೋಡಿ. “ಎಂಟೂ ಹತ್ತಕ್ಕೆ ಏನೂ ಆಗಿಲ್ಲ. ಎಲ್ಲರೂ ನೆಪ್ಪಿಟ್ಗೋರಿ.”

ಹುಮನಾಬಾದಿನಲ್ಲಿ ತಂಗಿಯ ಮನೆ ಮುಂದೆ ಬ್ಯಾಂಡಿನವರು ತಯಾರಾಗಿ ನಿಂತಿದ್ದರು. ಪಿಕಪ್ ಬಂದದ್ದೇ ಬಾರಿಸತೊಡಗಿದರು. ಮಣ್ಣಿನ ದಿಬ್ಬಕ್ಕೆ ಗಾಡಿ ಹಚ್ಚಿ ಚಾಂದನಿಯನ್ನು ಇಳಿಸಿದರು. ಕುದುರೆ ಒಂದು ಹೆಜ್ಜೆ ಇಟ್ಟಿತು, ಎರಡನೇ ಹೆಜ್ಜೆಗೆ ಬಲಗಾಲು ಎತ್ತಿ ಹಿಡಿಯಿತು. ಮೂರನೇ ಹೆಜ್ಜೆಗೆ ಕುಂಟಿತು. ಬ್ಯಾಂಡು ತಾನೇ ನಿಂತುಹೋಯಿತು.

“ಯಾ ಅಲ್ಲಾ!” ವಜೀರಬಿ ಕುದುರೆಯ ಕಾಲ ಬುಡಕ್ಕೆ ಕೂತುಬಿಟ್ಟಳು. “ನಾ ಹೇಳಿದ್ದಿಲ್ಲಾ? ಕಾಗದ ಬರದಾಗೇ ಹೇಳಿದ್ದೆ. ಬ್ರೇಕ್ ಹಾಕಿ ಕೊಂದರು ನನ್ನ ಕುದುರಿ!”

“ಬ್ರೇಕ್ ನಾ ಹಾಕಿಲ್ಲ ಖಾಲಾ,” ಅಂದ ಕಾಸಿಂ. “ರೈಟರ್ ಸಾಬ್ ಕೈ ಹಿಡದು ಹಾಕಿಸಿದ್ರು.”

“ನಾ ತೋಳು ಹಿಡದೇನಿ. ಬ್ರೇಕ್ ಇರೂದು ಕಾಲಾಗ!” ದಿಗಂಬರ ಗುಡುಗಿದ. “ಅಲ್ಲದ ಈ ಕುದುರಿ ಮನ್ಯಾಗಿಂದನೇ ಕುಂಟು ಅದ. ನನ್ನ ಹತ್ರ ಸಬೂತು ಅದ.”

ಮದುವೆಗೆ ಬಂದವರೆಲ್ಲ ಅವನ ಮೊಬೈಲಿನ ಮೇಲೆ ಬಗ್ಗಿದರು. ಹನ್ನೊಂದು ನಿಮಿಷದ ವಿಡಿಯೊ ಪೂರಾ ನೋಡಿದರು. ಕಾಲು ಇತ್ತು, ಹೊಟ್ಟೆ ಇತ್ತು, ಬಾಲ ಪೂರಾ ಇತ್ತು. ಆದರೆ ಹನ್ನೊಂದೂ ನಿಮಿಷ ಕುದುರೆ ನಿಂತಲ್ಲೇ ನಿಂತಿತ್ತು. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

“ನಡಸಿ ಯಾಕ ತೆಗೀಲಿಲ್ಲ?” ಅಂತ ಯಾರೋ ಕೇಳಿದರು.

“ಬೇಕಂತಲೇ ತೆಗೀಲಿಲ್ಲ,” ಅಂದಳು ವಜೀರಬಿ.

ಸುದ್ದಿ ಚಪ್ಪರಕ್ಕೆ ಹೋಗುವಷ್ಟರಲ್ಲಿ ಕುದುರೆಯ ಕಾಲು ಮುರಿದಿತ್ತು. ಅಡುಗೆಯವರ ಕಡೆ ಹೋಗುವಷ್ಟರಲ್ಲಿ ಕುದುರೆ ಸತ್ತಿತ್ತು. ಮುಂಜಾನೆಯಿಂದ ಹೆಣ್ಣಿನವರ ಬಿಡಾರದಲ್ಲಿದ್ದ ಭಾಗಮ್ಮನಿಗೆ ಮುಟ್ಟುವಷ್ಟರಲ್ಲಿ ಕುದುರೆ ಸ್ವಾದರಮಾವನ ಮೇಲೆ ಬಿದ್ದಿತ್ತು. ಆಕೆ ಗಾಬರಿಯಿಂದ ಫೋನ್ ಮಾಡಿದಳು.

“ಏನ್ರೀ, ಉಳದೀರೇನು?”

“ಉಳದೇನಿ.”

“ಖರೇನಾ?”

ಹೆಂಡತಿ ಕೂಡ ಸಬೂತು ಕೇಳುವ ಕಾಲ ಬಂತಲ್ಲ ಅಂತ ದಿಗಂಬರನಿಗೆ ಕಸಿವಿಸಿಯಾಯಿತು. ಕೂಡಲೇ ಚೀಲದಿಂದ ಬಾಂಡ್ ಪೇಪರ್ ಎಳೆದ. “ಬಾಯಿ ಮಾತು ಬ್ಯಾಡ. ಕಾಗದ ಅದ. ಕಾಗದ ಏನು ಹೇಳ್ತದೋ ಅದು!” ಅಂತ ಬೀಗರ ಕಡೆಯ ಒಬ್ಬ ಮಾಸ್ತರರ ಕೈಗೆ ಕೊಟ್ಟ. ಮಾಸ್ತರರು ಕನ್ನಡಕ ಏರಿಸಿ, ತರಗತಿಯಲ್ಲಿ ಓದುವಂತೆ ದೊಡ್ಡ ದನಿಯಲ್ಲಿ ಓದಿದರು.

“ಉಭಯ ಪಕ್ಷದವರೂ ಒಳ್ಳೆಯ ಕುದುರೆತನದವರಾಗಿದ್ದು...”

ಮಾಸ್ತರರು ನಿಂತು ಮತ್ತೊಮ್ಮೆ ನೋಡಿದರು. ಕುದುರೆತನ ಅಂತಲೇ ಇತ್ತು.

ಇಲ್ಲಿ ನಾವು ಒಂದು ಮಾತು ಹೇಳಿಬಿಡಬೇಕು. ದಿಗಂಬರನ ಕಂಪ್ಯೂಟರಿನಲ್ಲಿ ಎಲ್ಲ ನಮೂನೆಯ ಕರಾರುಗಳೂ ಇದ್ದವು, ಕುದುರೆಯದೊಂದು ಇರಲಿಲ್ಲ. ಅವನು ಮನೆ ಬಾಡಿಗೆಯ ಕರಾರು ತೆಗೆದು, ‘ಮನೆ’ ಇದ್ದಲ್ಲೆಲ್ಲ ‘ಕುದುರೆ’ ಹಾಕು ಅಂತ ಕಂಪ್ಯೂಟರಿಗೆ ಹೇಳಿದ್ದ. ಅದು ಹೇಳಿದ ಮಾತು ಕೇಳುವ ಯಂತ್ರ. ಒಂದು ಮನೆಯನ್ನೂ ಬಿಡದೇ ಹಾಕಿತ್ತು.

“ಸದರಿ ಕುದುರೆಯು ಪೂರ್ವಾಭಿಮುಖವಾಗಿದ್ದು, ಒಂದು ಹಾಲ್ ಹಾಗೂ ಒಂದು ಅಡುಗೆಕುದುರೆ ಹೊಂದಿರುತ್ತದೆ. ಎರಡನೆಯ ಪಕ್ಷದವರು ಸದರಿ ಕುದುರೆಯಲ್ಲಿ ಹನ್ನೊಂದು ತಿಂಗಳು ಕುಟುಂಬಸಮೇತ ವಾಸಿಸತಕ್ಕದ್ದು. ಕುದುರೆಯಲ್ಲಿ ಎಲ್ಲಿಯೂ ಮೊಳೆ ಹೊಡೆಯತಕ್ಕದ್ದಲ್ಲ. ಖಾಲಿ ಮಾಡುವಾಗ ಕುದುರೆಗೆ ಸುಣ್ಣಬಣ್ಣ ಮಾಡಿಸಿಕೊಡತಕ್ಕದ್ದು.”

ಬ್ಯಾಂಡಿನವನೊಬ್ಬ ನಗು ತಡೆಯಲಾರದೇ ಕಹಳೆಯೊಳಗೇ ನಕ್ಕ. ಅದು ದೊಡ್ಡದಾಗಿ ಕೇಳಿಸಿತು. ದಿಗಂಬರನ ಮುಖದ ಬಣ್ಣ ಇಳಿಯುತ್ತಿತ್ತು, ಆದರೆ ಮಾಸ್ತರರು ಅರ್ಧಕ್ಕೆ ಬಿಡುವ ಪೈಕಿ ಅಲ್ಲ.

“ಸದರಿ ಕುದುರೆಗೆ ಯಾವುದೇ ಜಖಂ ಆದಲ್ಲಿ ಎರಡನೆಯ ಪಕ್ಷದವರೇ ಸಂಪೂರ್ಣ ಹೊಣೆ. ಎರಡನೆಯ ಪಕ್ಷ... ದಿಗಂಬರ, ಬಾಂಡ್ ರೈಟರ್, ಬಸವಕಲ್ಯಾಣ.”

ಬಾಡಿಗೆಗೆ ಹಿಡಿದವನೇ ಎರಡನೆಯ ಪಕ್ಷ. ಕುದುರೆಯನ್ನು ಬಾಡಿಗೆಗೆ ಹಿಡಿದವನು ತಾನೇ. ಇಪ್ಪತ್ತೆರಡು ವರ್ಷದ ಅನುಭವದಿಂದ ದಿಗಂಬರ ತನ್ನ ಕೊರಳಿಗೆ ತಾನೇ ಪಕ್ಕಾ ಕಾಗದ ಮಾಡಿಕೊಂಡಿದ್ದ.

“ನಾ ಸಹಿ ಮಾಡೂ ಮುಂದ ಇವರ ಮ್ಯಾಲೆ ಸುಮ್ಮನೇ ಶಕ್ ಮಾಡಿದ್ದೆ,” ಅಂದಳು ವಜೀರಬಿ. “ಕಾಗದ ಚಲೋ ಅದ.”

ದಿಗಂಬರನಿಗೆ ಉಳಿದ ದಾರಿ ಒಂದೇ: ವಜೀರಬಿಗಿಂತ ಮೊದಲು ತಾನು ಪೊಲೀಸ್ ಠಾಣೆಗೆ ಹೋಗುವುದು. ಮೊದಲು ಫಿರ್ಯಾದು ಕೊಟ್ಟವನೇ ಫಿರ್ಯಾದುದಾರ, ಆಮೇಲೆ ಬಂದವನು ಆರೋಪಿ ಅನ್ನುವುದು ಅವನ ಕಾನೂನು. ಅವನು ಹೊರಟದ್ದು ನೋಡಿ ವಜೀರಬಿ ಹಿಂದೆ ಬಂದಳು. ಇಬ್ಬರೂ ಕೂಡಿ ತನ್ನ ಮೇಲೆ ಹಾಕಿಯಾರು ಅಂತ ಕಾಸಿಂ ಬಂದ. ಮೂವರೂ ಠಾಣೆಯ ಬಾಗಿಲಲ್ಲಿ ಒಮ್ಮೆಲೇ ಸಿಕ್ಕಿಕೊಂಡು ಒಳಗೆ ಬಿದ್ದರು.

ಹೆಡ್ ಕಾನ್‌ಸ್ಟೇಬಲ್ಲರು ಚಹಾ ಕುಡಿಯುತ್ತ ಮೂವರ ಮಾತೂ ಒಟ್ಟಿಗೇ ಕೇಳಿದರು. ಆಮೇಲೆ ಕಪ್ಪು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

“ಜಾನವಾರು ಗಾಡಿ ಹತ್ತಸೂ ಮೊದಲ ಪಶು ಡಾಕ್ಟರ್ ಕಡೆ ತೋರಿಸಿ, ಪ್ರಯಾಣಕ್ಕ ಅಡ್ಡಿ ಇಲ್ಲಂತ ಸರ್ಟಿಫಿಕೇಟ್ ತಗೋಬೇಕು. ಎಲ್ಲಿ ಅದ?”

ದಿಗಂಬರ ವಜೀರಬಿಯನ್ನು ನೋಡಿದ. ವಜೀರಬಿ ಕಾಸಿಂನನ್ನು ನೋಡಿದಳು. ಕಾಸಿಂ ಗೋಡೆ ನೋಡಿದ. ಸರ್ಟಿಫಿಕೇಟ್ ಇಲ್ಲದೇ ಹೇರಿದ್ದಕ್ಕೆ ಒಡತಿ, ಗಾಡಿಯವ, ಬಾಡಿಗೆದಾರ ಮೂವರೂ ಸಿಕ್ಕಿಬೀಳುತ್ತಾರೆ ಅನ್ನುವುದು ಮೂವರಿಗೂ ಒಂದೇ ಗಳಿಗೆಗೆ ಹೊಳೆಯಿತು.

“ಗಾಡ್ಯಾಗ ಯಾರು ತಂದಾರ ಸಾಹೇಬ್ರ?” ಅಂದ ದಿಗಂಬರ. “ಕುದುರಿ ನಡಕೊಂತ ಬಂದದ.”

“ಹೌದ್ರಿ, ನಡಕೊಂತ,” ಅಂದಳು ವಜೀರಬಿ.

“ನಾ ಹಿಂದ ಖಾಲಿ ಗಾಡಿ ತಂದೀನ್ರಿ,” ಅಂದ ಕಾಸಿಂ.

“ಬಸವಕಲ್ಯಾಣದಿಂದ ಇಲ್ಲೀತನಕ?” ಕಾನ್‌ಸ್ಟೇಬಲ್ಲರು ಹುಬ್ಬೇರಿಸಿದರು. “ಕುಂಟ್ಕೊಂತ? ಕುಂಟ ಜಾನವಾರ ಇಷ್ಟು ದೂರ ನಡಸಿದ್ರ ಪ್ರಾಣಿ ಹಿಂಸಾ ಕೇಸ್ ಆಗ್ತದ. ಬರಕೊಳ್ಳಲೇನು?”

“ಗಾಡ್ಯಾಗ ತಂದೀವ್ರಿ!” ಮೂವರೂ ಒಂದೇ ದನಿಯಲ್ಲಿ ಅಂದರು.

ಕಾನ್‌ಸ್ಟೇಬಲ್ಲರು ರಿಜಿಸ್ಟರ್ ಮುಚ್ಚಿದರು. “ಮೊದಲ ಕುದುರಿ ಕಾಲು ಡಾಕ್ಟರಿಗಿ ತೋರಸ್ರಿ. ನೀವು ಮೂರು ಮಂದಿ ಸೇರಿ ಒಬ್ಬರ ಮ್ಯಾಲೊಬ್ಬರು ಮಾತಾಡಾಕತ್ತು ಒಂದು ತಾಸಾತು, ಅದರ ಕಾಲು ಯಾರರ ನೋಡೀರೇನು?”

ಮೂವರೂ ಪಶು ಆಸ್ಪತ್ರೆಯ ಕಡೆ ಓಡಿದರು.

ಪಶು ಡಾಕ್ಟರ್ ಇಶ್ರತ್ ಮೇಡಂ ತಾವೇ ಮದುವೆ ಮನೆಗೆ ಬಂದರು. ಚಾಂದನಿಯ ಬಲಗಾಲು ಮಡಚಿ ತಮ್ಮ ಮೊಣಕಾಲ ಮೇಲಿಟ್ಟು, ಗೊರಸಿನ ಸುತ್ತ ಸಣ್ಣ ಇಕ್ಕಳದಿಂದ ಒತ್ತುತ್ತ ಬಂದರು. ಒಂದು ಕಡೆ ಕುದುರೆ ಬೆಚ್ಚಿತು. ಅಲ್ಲಿಂದ ಲಾಳದ ಒಂದು ಮೊಳೆ ಎಳೆದು ತೆಗೆದು ಬೆಳಕಿಗೆ ಹಿಡಿದರು. ತುದಿ ಒದ್ದೆಯಾಗಿತ್ತು.

“ನಾಲ್ ಹೊಡದವ ಮೊಳಿ ಜೀವ ಇರೋ ಜಾಗಕ್ಕ ಇಳಸ್ಯಾನ. ಇದು ಬ್ರೇಕಿನ ಪೆಟ್ಟಲ್ಲ. ಗಾಡಿಯವರದು ಇದರಾಗ ತಪ್ಪಿಲ್ಲ. ಹೊಸಾ ನಾಲ್ ಯಾವಾಗ ಹೊಡಸಿದ್ರಿ?”

“ನಿನ್ನಿ ಸಂಜಿಮುಂದ,” ವಜೀರಬಿಯ ದನಿ ಇಳಿದಿತ್ತು.

“ನೋಡ್ರಿ!” ದಿಗಂಬರ ಕುಪ್ಪಳಿಸಿದ. “ತಪ್ಪು ಒಡತೀದು! ಕಾಗದದಾಗ ಮೊಳಿ ಹೊಡೀಬಾರದಂತ ಸ್ಪಷ್ಟ ಬರದೇನಿ!”

ವಜೀರಬಿ ಅವನ ಕಡೆ ತಿರುಗಿದಳು. ಈ ಸಲ ಆಕೆಯ ಕಣ್ಣಲ್ಲಿ ಸೂಜಿ ಇರಲಿಲ್ಲ, ನೀರಿತ್ತು.

“ಹಳೇ ನಾಲ್ ಇನ್ನಾ ತಿಂಗಳ ನಡೀತಿತ್ತು. ನೀವು ಕಾಗದ ತಂದ್ರಿ. ಕೂದಲಾ ಕೂದಲಾ ನೋಡೂ ಮನಶಾ, ನಾಲ್ ಸವದದಂತ ಹೆಸರಿಟ್ಟು ಕುದುರಿ ವಾಪಸ್ ಕಳಸ್ತಾನಂತ ಅಂಜಿ ಹೊಸಾದು ಹೊಡಸಿದೆ. ಟಾಂಗಾ ಹೋತು, ಗಂಡ ಹೋದ. ನನಗ ಉಳದದ್ದು ಇದೊಂದೇ. ಇದರ ಕಾಲು ಹೋದ್ರ ನಿಮ್ಮ ಕಾಗದ ತಗೊಂಡು ನಾ ಏನು ಮಾಡ್ಲಿ?”

ದಿಗಂಬರ ಬಾಂಡ್ ಪೇಪರ್ ಮಡಚಿ ಚೀಲಕ್ಕಿಟ್ಟ. ಅವನು ಚಾಂದನಿಯ ಕಡೆ ನೋಡಿದ. ಮುಂಜಾನೆಯಿಂದ ಅದರ ಬಾಲ, ಕಿವಿ, ಹೊಟ್ಟೆ ಎಲ್ಲ ನೋಡಿದ್ದ, ಮುಖ ನೋಡಿರಲಿಲ್ಲ. ಕುದುರೆ ದಣಿದಿತ್ತು.

“ಗಾಯ ಹಸೀದು ಅದ, ವಾಸಿ ಆಗ್ತದ,” ಅಂದರು ಡಾಕ್ಟರು ಸೂಜಿ ಚುಚ್ಚುತ್ತ. “ಮೂರು ದಿನ ಇಲ್ಲೇ ಇರಲಿ. ಸವಾರಿ ಇಲ್ಲ, ಗಾಡಿ ಇಲ್ಲ.”

ಇದನ್ನು ಕೇಳಿ ನಿಜವಾಗಿ ಸಂತೋಷಪಟ್ಟವನು ಮದುಮಗ ಒಬ್ಬನೇ. ಓಂಪ್ರಕಾಶ ಮುಂಜಾನೆಯಿಂದ ಕುದುರೆಯ ಎತ್ತರ ನೋಡಿ ಬೆವರುತ್ತಿದ್ದ. “ಮಾವಾ, ನಿನ್ನ ಉಪಕಾರ ಮರಿಯೂದಿಲ್ಲ,” ಅಂತ ದಿಗಂಬರನ ಕಿವಿಯಲ್ಲಿ ಹೇಳಿ, ಬ್ಯಾಂಡಿನ ಮುಂದೆ ನಡೆದುಕೊಂಡೇ ಹಣಮಂದೇವರ ಗುಡಿಗೆ ಹೋದ. ಅಕ್ಷತೆ ಹೊತ್ತಿಗೆ ಸರಿಯಾಗಿ ಬಿತ್ತು.

ಮದುವೆ ಮುಗಿಯಿತು, ನೆಂಟರು ಹೋದರು. ಭುವನೇಶ್ವರಿಯ ಹಿತ್ತಿಲಲ್ಲಿ ಚಾಂದನಿ ಉಳಿಯಿತು. ಕುದುರೆಯನ್ನು ಇವರ ಕೈಯಲ್ಲಿ ಬಿಟ್ಟು ಹೋಗಲು ನಂಬಿಕೆ ಇಲ್ಲದೇ ವಜೀರಬಿ ಉಳಿದಳು. ವಜೀರಬಿ ಒಬ್ಬಳೇ ಇದ್ದರೆ ಇನ್ನೊಂದು ಜಖಂ ಮಾಡಿ ತನ್ನ ಹೆಸರು ಹೇಳಿಯಾಳು ಅಂತ ದಿಗಂಬರನೂ ಉಳಿದ. ಭಾಗಮ್ಮ ಊರಿಗೆ ಹೊರಡುವಾಗ, “ನೀವು ವಾಪಸ್ ಬರೂ ತಾರೀಖು ಬರದು ಕೊಡ್ರಿ,” ಅಂದು ಹೋದಳು.

ಹಿತ್ತಿಲಲ್ಲಿ ಎದುರುಬದುರು ಎರಡು ಹೊರಸು. ನಡುವೆ ಕುದುರೆ. ಮೊದಲ ದಿನ ದಿಗಂಬರ ಒಂದು ಬೆಲ್ಲದ ಹಳಕು ಹಿಡಿದು ಹತ್ತಿರ ಹೋದ.

“ನಿಲ್ರಿ,” ಅಂದಳು ವಜೀರಬಿ. “ಅರ್ಧ ನೀವು ತಿನ್ರಿ.”

ದಿಗಂಬರ ಅರ್ಧ ಬೆಲ್ಲ ತಿಂದ. ವಜೀರಬಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ಉಳಿದದ್ದನ್ನು ಕೊಡಲು ಬಿಟ್ಟಳು. ಎರಡನೆಯ ದಿನವೂ ಅರ್ಧ ತಿಂದ. ಮೂರನೆಯ ದಿನ ಚಾಂದನಿ ತಾನೇ ಕತ್ತು ಚಾಚಿ ಅವನ ಅಂಗಿಯ ಕಿಸೆ ಮೂಸಿತು. ದಿಗಂಬರ ಸುತ್ತ ಯಾರೂ ಇಲ್ಲ ಅಂತ ನೋಡಿ ಅದರ ಹಣೆ ಸವರಿದ. ವಜೀರಬಿ ಹೊರಸಿನ ಮೇಲೆ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಮಲಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರ್ ಇಶ್ರತ್ ಬಂದು, ಕುದುರೆಯನ್ನು ಹಿತ್ತಿಲ ತುಂಬ ನಡೆಸಿ ನೋಡಿದರು. ಕುಂಟಲಿಲ್ಲ. ಕಾಸಿಂ ಪಿಕಪ್ಪಿನಲ್ಲಿ ಹುಲ್ಲು ಹಾಸಿಕೊಂಡು ಬಂದಿದ್ದ. ಡಾಕ್ಟರು ಈ ಸಲ ಸರಿಯಾಗಿ ಸರ್ಟಿಫಿಕೇಟ್ ಬರೆಯುತ್ತ ಕೂತರು.

“ಪ್ರಯಾಣದಾಗ ಜಾನವಾರಿನ ಜವಾಬ್ದಾರ ವ್ಯಕ್ತಿ ಯಾರು? ಒಂದು ಹೆಸರು ಹೇಳ್ರಿ.”

ಕಾಸಿಂ ಟೈರ್ ನೋಡತೊಡಗಿದ. ವಜೀರಬಿ ಸೆರಗು ಸರಿ ಮಾಡಿಕೊಂಡಳು.

ದಿಗಂಬರ ಮುಂದೆ ಬಂದು ಪೆನ್ನು ತೆಗೆದುಕೊಂಡ. ಮೇಲಿನಿಂದ ಕೆಳಗೆ ಓದಲಿಲ್ಲ. ಹಿಂದಿನ ಪುಟ ತಿರುವಿ ನೋಡಲಿಲ್ಲ. ಡಾಕ್ಟರು ಬೊಟ್ಟು ಇಟ್ಟ ಕಡೆ ತನ್ನ ಹೆಸರು ಬರೆದು ಸಹಿ ಮಾಡಿಬಿಟ್ಟ. ಹುಟ್ಟಿದಾಗಿನಿಂದ ಓದದೇ ಮಾಡಿದ ಮೊದಲ ಸಹಿ ಅದು.

ವಜೀರಬಿಯ ಕಣ್ಣು ಮತ್ತೆ ಸಣ್ಣಗಾದವು.

“ಇಷ್ಟು ಲಗೂ ಸಹಿ ಮಾಡಿದ್ರಂದ್ರ ಅದರಾಗ ಏನೋ ಅದ. ಡಾಕ್ಟರಮ್ಮಾ, ಓದ್ರಿ ಅದನ್ನ.”

ಡಾಕ್ಟರು ಓದಿದರು. ಬಿಳಿ ಬಣ್ಣದ ಹೆಣ್ಣು ಕುದುರೆ, ಒಂದು. ಆರೋಗ್ಯ ಚೆನ್ನಾಗಿದೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ. ಜವಾಬ್ದಾರ ವ್ಯಕ್ತಿ, ದಿಗಂಬರ.

“ಇನ್ನೊಮ್ಮಿ ಓದ್ರಿ.”

ಡಾಕ್ಟರು ಇನ್ನೊಮ್ಮೆ ಓದಿದರು.

“ಅದರಾಗ ನನ್ನ ಹೆಸರು ಎಲ್ಲಿ ಅದ?” ವಜೀರಬಿ ಎದ್ದು ನಿಂತಳು. “ಕುದುರಿ ನಂದು, ಕಾಗದದಾಗ ಬರೀ ಇವರ ಹೆಸರು? ನಾಳಿ ಇವರು ಕುದುರೀನೇ ನಂದು ಅಂದ್ರ? ಜಿಮ್ಮೇದಾರಿ ನಂದೂ ಬರೀರಿ.”

“ಅಮ್ಮಾ, ಜಿಮ್ಮೇದಾರಿ ನಾ ತಗೊಂಡೀನಲ್ಲ?” ಅಂದ ದಿಗಂಬರ. “ಏನರ ಆದ್ರ ನಾನೇ...”

“ನೀವ್ಯಾಕ ತಗೋತೀರಿ? ಸರೀರಿ ಈಚಿಗಿ.” ಆಕೆ ಪೆನ್ನು ಕಸಿದುಕೊಂಡು ಅವನ ಹೆಸರಿನ ಬಗಲಿಗೆ ಉರ್ದುವಿನಲ್ಲಿ ಸಹಿ ಮಾಡಿದಳು.

ಇಬ್ಬರೂ ಕೂಡಿ ಬರೆದದ್ದು ನೋಡಿ ಕಾಸಿಂ ಓಡಿಬಂದ. “ಗಾಡಿ ನಂದು ಅದರಿ. ನನ್ನ ಬಿಟ್ಟು ಇಬ್ಬರೇ ಏನು ಮಾಡಾಕತ್ತೀರಿ? ನಂದೂ ಹಾಕ್ರಿ!”

“ಅಲ್ಲಿ ಒಂದೇ ಸಾಲು ಅದ,” ಅಂದರು ಡಾಕ್ಟರು.

ಆ ಒಂದೇ ಸಾಲಿನಲ್ಲಿ ಮೂರು ಸಹಿ ಹಿಡಿಸಿದವು. ಕಾಸಿಂನ ಸಹಿಯ ಬಾಲ ಮಾತ್ರ ಅಂಚಿನ ಆಚೆ ಹೋಯಿತು. ಡಾಕ್ಟರು ಕೆಳಗೆ ಸೀಲು ಒತ್ತಿ, ಕಾಗದವನ್ನು ಯಾರ ಕೈಗೆ ಕೊಡುವುದು ಅಂತ ಒಂದು ಕ್ಷಣ ಮೂವರ ಮುಖ ನೋಡಿದರು. ಮೂರೂ ಕೈ ಮುಂದೆ ಬಂದಿದ್ದವು.